ಉಚ್ಚೆಂಗವ್ವನ ಬಟ್ಟಲು

ಕಲಾಯಿ ಹಾಕುವವನು ಹಳೇಮಾಗಾಣಿ ಊರಿಗೆ ವರ್ಷಕ್ಕೊಮ್ಮೆ ಬರುತ್ತಾನೆ. ಆ ಮಂಗಳವಾರ ಅವನು ಬೇವಿನ ಮರದ ಕೆಳಗೆ ತಿದಿ ಹೂಡಿದಾಗ ರೇಣುಕಾದೇವಿ ಎರಡು ಹಿತ್ತಾಳೆ ಪಾತ್ರೆ ಕೊಟ್ಟಳು. ಮತ್ತೆ ಒಳಗೆ ಹೋಗಿ ಅತ್ತೆಯ ಗೂಡಿನಲ್ಲಿದ್ದ ತಾಮ್ರದ ಬಟ್ಟಲನ್ನೂ ತಂದಳು. ಬೊಗಸೆಯಗಲದ ಬಟ್ಟಲು. ತಳದಲ್ಲಿ ಸಾಸಿವೆ ಕಾಳು ತೂರುವಷ್ಟು ತೂತು. ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷದಲ್ಲಿ ಅದರಲ್ಲಿ ಯಾರಾದರೂ ಏನಾದರೂ ಹಾಕಿದ್ದನ್ನು ಅವಳು ಕಂಡಿರಲಿಲ್ಲ.

"ಇದಕ್ಕೊಂದು ಬೆಸುಗಿ ಹಾಕಪ್ಪ. ಅಕ್ಕಿ ಅಳಿಯಾಕ ಆಕ್ಕತಿ" ಎಂದಳು.

ಸಂಜೆ ಅತ್ತೆ ಬಸಕ್ಕ ಗೂಡಿಗೆ ಕೈ ಹಾಕಿದಳು. ಬಟ್ಟಲು ಅಲ್ಲಿರಲಿಲ್ಲ. ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಥಳಥಳ ಹೊಳೆಯುತ್ತ ಕೂತಿತ್ತು. ಎಪ್ಪತ್ತೆಂಟರ ಮುದುಕಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ತೂತು ಯಾರು ಮುಚ್ಚಿಸಿದ್ದು?"

"ನಾನ ಅತ್ತಿ. ಬರೇ ಮೂವತ್ತು ರೂಪಾಯಿ ತಗಂಡ."

"ಅದ ಮೂವತ್ತು ರೂಪಾಯಿಗೆ ನಿನ್ನ ಬಾಯಿ ಮುಚ್ಚಿಸ್ಕೊಂಡು ಬರಬೇಕಿತ್ತು."

"ತೂತು ಬಿದ್ದ ಬಟ್ಟಲಕ್ಕ ಇಷ್ಟು ಸಿಟ್ಟ್ಯಾಕ?"

"ಬಿದ್ದಿದ್ದಲ್ಲ ಅದು. ಮಾಡಿದ್ದು."

ಇಷ್ಟು ಹೇಳಿ ಬಸಕ್ಕ ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ರೊಟ್ಟಿ ಬ್ಯಾಡ ಅಂದಳು. ಮರುದಿನವೂ ಬ್ಯಾಡ ಅಂದಳು. ಚಹಾ ಮಾತ್ರ ಕುಡಿದಳು, ಅದೂ ಮೊಮ್ಮಗಳು ಪಲ್ಲವಿ ಕೊಟ್ಟರೆ.

ಮನೆಯಲ್ಲಿ ಮುದುಕಿಯ ಸಿಟ್ಟು ಸುಧಾರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಬಸಕ್ಕನ ಮಗ ಹುಲುಗೇಶ್ ಊರಿನ ನೀರಗಂಟಿ. ದೊಡ್ಡ ಕಾಲುವೆಯ ಎಂಟನೇ ತೂಬನ್ನು ಬೆಳಿಗ್ಗೆ ಆರಕ್ಕೆ ಎತ್ತುವುದು, ಸಂಜೆ ಆರಕ್ಕೆ ಇಳಿಸುವುದು, ನಡುವೆ ಕಿರುಗಾಲುವೆಯ ಉದ್ದಕ್ಕೂ ಓಡಾಡಿ ಹತ್ತೊಂಬತ್ತು ಮಂದಿಯ ಗದ್ದೆಗಳಿಗೆ ಪಾಳಿ ಪ್ರಕಾರ ನೀರು ತಿರುಗಿಸುವುದು ಅವನ ಕೆಲಸ. ಅವನ ಅಪ್ಪ ಮಾಡಿದ್ದು, ಅಪ್ಪನ ಅಪ್ಪ ಮಾಡಿದ್ದು. ಸುಗ್ಗಿಯಲ್ಲಿ ರೈತರು ಆಯವೆಂದು ಅಳೆದು ಕೊಡುವ ಭತ್ತವೇ ಮನೆಯ ವರ್ಷದ ಅನ್ನ. ಮೇ ತಿಂಗಳಲ್ಲಿ ಹೂಳು ತೆಗೆಯುವಾಗ ಜಾರಿ ಬಿದ್ದು ಹುಲುಗೇಶನ ಎಡಗಾಲು ಎರಡು ಕಡೆ ಮುರಿದಿತ್ತು. ಹೊಸಪೇಟೆಯಲ್ಲಿ ರಾಡು ಹಾಕಿಸಿಕೊಂಡು ಬಂದು ಮಂಚ ಹಿಡಿದಿದ್ದ. ಕಾಲುವೆಗೆ ನೀರು ಬಿಡಲು ಹನ್ನೆರಡು ದಿನ ಉಳಿದಿತ್ತು. ನೀರು ಬಳಕೆದಾರರ ಸಂಘದ ಅಧ್ಯಕ್ಷ ಕೊಟ್ರಬಸಪ್ಪ ಹೇಳಿ ಕಳಿಸಿದ್ದ: ನೀರು ಬರುವಷ್ಟರಲ್ಲಿ ನಿಮ್ಮ ಮನೆಯಿಂದ ಒಬ್ಬ ಗಂಡಸನ್ನು ಕಳಿಸಿರಿ. ಇಲ್ಲದಿದ್ದರೆ ಕೆಲಸ ಜಂಬಪ್ಪನಿಗೆ. ಒಮ್ಮೆ ಹೋದರೆ ಹೋದಂತೆಯೇ.

ಮನೆಯಲ್ಲಿದ್ದ ಇನ್ನೊಬ್ಬ ಗಂಡಸು ಪಂಪೇಶ್, ಪಲ್ಲವಿಯ ಅಣ್ಣ. ಯಶವಂತನಗರದ ಕಡೆ ಅದಿರು ಜರಡಿ ಹಿಡಿಯುವ ಘಟಕದಲ್ಲಿ ಕಾಂಟ್ರಾಕ್ಟ್ ಕೂಲಿ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ತಲೆ ತೊಳೆದರೆ ಬಚ್ಚಲಲ್ಲಿ ಕೆಂಪು ನೀರು ಹರಿಯುತ್ತದೆ.

ಭಾನುವಾರ ಊಟಕ್ಕೆ ಕೂತಾಗ ಹುಲುಗೇಶ್ ಮಂಚದ ಮೇಲಿಂದಲೇ ಮಾತು ತೆಗೆದ.

"ನಾಕು ತಿಂಗಳು ರಜಾ ಹಾಕಿ ಬಾರಲೇ."

"ನಾಕು ದಿನ ಹಾಕಿದ್ರ ಗೇಟ್‌ನಾಗ ಹೆಸರು ಹೊಡೀತಾರಪ್ಪ. ಈ ದೀಪಾವಳಿಗೆ ನನ್ನ ಮಷಿನ್ ಮ್ಯಾಲೆ ಕುಂದ್ರಸ್ತೀವಿ ಅಂದಾರ. ಎರಡು ವರ್ಷ ಸಲಿಕಿ ಹಿಡದು ಕಾದೀನಿ."

"ನಿಮ್ಮಜ್ಜ, ಮುತ್ತಜ್ಜ ಹಿಡಿದ ತೂಬು ಅದು."

"ಹಿಡಿದು ಏನ್ ಕಡದ್ರು? ಗೌಡ್ರ ಬಾಳಿ ತ್ವಾಟಕ್ಕ ನೀರು ಬಿಟ್ರು. ಅವರು ಬಂಗ್ಲೆ ಕಟ್ಟಿಸಿದ್ರು."

"ತಾಟಿನಾಗಿರೋ ಅನ್ನ ನೋಡಿ ಮಾತಾಡು" ಎಂದಳು ರೇಣುಕಾದೇವಿ. "ಅದು ಅದ ತೂಬಿಂದ ಬಂದಿದ್ದು."

ಪಲ್ಲವಿ ಸಾರು ಬಡಿಸುತ್ತಿದ್ದವಳು ನಿಂತಳು. ಇಪ್ಪತ್ತೆರಡು ವಯಸ್ಸು. ಹೊಸಪೇಟೆಯಲ್ಲಿ ಬಿ.ಎ. ಮುಗಿಸಿ, ಪಂಚಾಯಿತಿ ಪರೀಕ್ಷೆಗೆ ಓದುತ್ತಿದ್ದಳು. ಪರೀಕ್ಷೆ ಎರಡು ಸಲ ಮುಂದೆ ಹೋಗಿತ್ತು.

"ನಾ ಹೋಕ್ಕೀನಿ."

"ಎಲ್ಲಿಗೆ?"

"ತೂಬಿಗೆ. ಅಪ್ಪಗ ಬುತ್ತಿ ಒಯ್ದು ಒಯ್ದು ಯಾರ ಪಾಳಿ ಯಾವಾಗ ಅಂತ ಬಾಯಿಪಾಠ ಆಗೈತಿ."

ಪಂಪೇಶ್ ನಕ್ಕ. ರೇಣುಕಾದೇವಿ ನಗಲಿಲ್ಲ.

"ಗುದ್ದಲಿ ಹೆಗಲಿಗೆ ಹಾಕ್ಕೊಂಡು ಕಾಲುವಿ ದಂಡಿ ಮ್ಯಾಲೆ ಅಡ್ಡಾಡು. ಹೆಣ್ಣು ಕೇಳಿದ ಕಂಪ್ಲಿಯವರು ಬಂದು ನೋಡ್ಕೊಂಡು ಹೋಗ್ಲಿ."

"ನೋಡ್ಲಿ. ಕೆಲಸ ಮಾಡ್ತಾಳ ಅಂತ ಗೊತ್ತಾಕ್ಕತಿ."

"ಹೆಣ್ಣುಮಕ್ಳು ತೂಬಿನ ಕಟ್ಟಿ ಹತ್ತಂಗಿಲ್ಲ" ಎಂದ ಹುಲುಗೇಶ್. "ತೂಬಿನವ್ವ ಅದಾಳ ಅಲ್ಲಿ."

ತೂಬಿನವ್ವ ಎಂದರೆ ಕಟ್ಟೆಯ ಮೇಲಿನ ಕಲ್ಲು. ಎಣ್ಣೆ, ಅರಿಷಿಣ, ಕುಂಕುಮ ಮೆತ್ತಿ ಮೆತ್ತಿ ಅದರ ರೂಪವೇ ತಿಳಿಯದು. ಎರಡು ಬೆಳ್ಳಿ ಕಣ್ಣು ಮಾತ್ರ ಕಾಣುತ್ತವೆ. ಕಾಲುವೆಗೆ ಹೊಸ ನೀರು ಬಂದ ದಿನ ಊರೆಲ್ಲ ಎಡೆ ಕೊಡುತ್ತದೆ. ಮೊದಲ ಎಡೆ ನೀರಗಂಟಿ ಮನೆಯದು. ಅದನ್ನೂ ಗಂಡಸರೇ ಒಯ್ಯಬೇಕು. ಹೆಂಗಸರು ಕೆಳಗೆ ನಿಂತು ಕೈ ಮುಗಿಯಬೇಕು.

ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಬಸಕ್ಕ ಈ ಕಡೆ ಹೊರಳಿದಳು. ಪಲ್ಲವಿಯನ್ನು ಬಹಳ ಹೊತ್ತು ನೋಡಿದಳು.

"ನನಗೊಂದು ರೊಟ್ಟಿ ಕೊಡು" ಎಂದಳು.

ಮರುದಿನ ಬೆಳಿಗ್ಗೆ ಬಸಕ್ಕ ಬಟ್ಟಲನ್ನು ಸೊಸೆಯ ಮುಂದಿಟ್ಟಳು.

"ನೀ ಮುಚ್ಚಿಸಿದ್ದು. ನೀನ ತಗಿ."

ರೇಣುಕಾದೇವಿ ಇಕ್ಕಳದಿಂದ ಬಟ್ಟಲನ್ನು ಹಿಡಿದು ಗ್ಯಾಸಿನ ಉರಿಯ ಮೇಲೆ ಇಟ್ಟಳು. ಬೆಸುಗೆ ಮೆತ್ತಗಾಗಿ ಬೆವರಿನಂತೆ ಉರುಳಿತು. ದಬ್ಬಣದ ತುದಿಯಿಂದ ಒತ್ತಿದಾಗ ತೂತು ಬಿಚ್ಚಿಕೊಂಡಿತು. ಅವಳು ಕೈ ಸುಟ್ಟುಕೊಂಡಳು. ಬಸಕ್ಕ ಕೊಬ್ಬರಿ ಎಣ್ಣೆ ಹಚ್ಚಿದಳು. ಆರು ದಿನದಲ್ಲಿ ಅತ್ತೆ ಸೊಸೆಯನ್ನು ಮುಟ್ಟಿದ್ದು ಅದೇ ಮೊದಲು.

"ಸರಿ ಐತೋ ಇಲ್ಲೋ ನೋಡಬೇಕು. ಬೀಸುಕಲ್ಲು ಎಳಿರಿ."

ಬೀಸುಕಲ್ಲಿನ ಮೇಲೆ ಸಿಲಿಂಡರ್ ನಿಂತಿತ್ತು. ಪಲ್ಲವಿ ಅದನ್ನು ಇಳಿಸಿ ಕಲ್ಲನ್ನು ಹಜಾರಕ್ಕೆ ಉರುಳಿಸಿದಳು. ಬಸಕ್ಕ ಒಂದು ಪಡಿ ಜೋಳ ಅಳೆದಳು. ಬಕೆಟ್‌ನಲ್ಲಿ ನೀರು ತುಂಬಿಸಿ ಬಟ್ಟಲನ್ನು ಅದರ ಮೇಲೆ ತೇಲಿಬಿಟ್ಟಳು. ತೂತಿನಿಂದ ನೀರು ದಾರದಂತೆ ಒಳಗೆ ಏಳತೊಡಗಿತು.

"ಇದು ಮುಳುಗಾದ್ರಾಗ ಪಡಿ ಜೋಳ ಬೀಸಿ ಮುಗೀಬೇಕು. ಹಿಡಿಯವ್ವ ಗೂಟ."

ಅತ್ತೆ ಈ ಕಡೆ, ಸೊಸೆ ಆ ಕಡೆ ಕಾಲು ಚಾಚಿ ಕೂತು ಬೀಸಿದರು. ರೇಣುಕಾದೇವಿ ಮದುವೆಯಾಗಿ ಬರುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಅತ್ತೆಯ ಜೊತೆ ಬೀಸಲು ಅವಳು ಕೂತವಳೇ ಅಲ್ಲ. ಹತ್ತು ಸುತ್ತಿಗೆ ಅವಳಿಗೆ ಏದುಸಿರು ಬಂತು. ಮುದುಕಿ ಬೀಸುತ್ತಲೇ ಹೇಳಿದಳು.

"ಈ ಮಾತು ಬೀಸುಕಲ್ಲಿನ ಮುಂದ ಅತ್ತಿ ಸೊಸಿಗೆ ಹೇಳೋದು. ಗಂಡಸ್ರಿಗೆ ಹೇಳಂಗಿಲ್ಲ, ಕುಡಿದಾಗ ಒದರ್ತಾರ. ಮಗಳಿಗೆ ಹೇಳಂಗಿಲ್ಲ, ಮದಿವ್ಯಾಗಿ ಬ್ಯಾರೆ ಊರಿಗೆ ಒಯ್ತಾಳ. ನನಗ ನಮ್ಮತ್ತಿ ಹೇಳಿದ್ಲು. ನಮ್ಮತ್ತಿಗೆ ಆಕಿ ಅತ್ತಿ ಮುದುಕಮ್ಮ. ಮುದುಕಮ್ಮಗ ಆಕಿ ಅತ್ತಿ, ಉಚ್ಚೆಂಗವ್ವ. ಬಟ್ಟಲು ಉಚ್ಚೆಂಗವ್ವಂದು. ಗಿರಣಿ ಬಂತು, ಬೀಸೋದು ನಿಂತು. ನಿನಗ ಹೇಳೋದೂ ನಿಂತು. ಅದು ನನ್ನ ತಪ್ಪು."

"ನಾನೂ ಇಲ್ಲೇ ಕುಂದ್ರಲೇನಜ್ಜಿ?" ಎಂದಳು ಪಲ್ಲವಿ.

ಬಸಕ್ಕ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಜೋಳ ಹಾಕಿದಳು. "ಕುಂದ್ರು" ಎಂದಳು.

ಉಚ್ಚೆಂಗವ್ವ ಸಂಡೂರು ಗುಡ್ಡದ ಕೆಳಗಿನ ವಡ್ಡು ಎಂಬ ಊರಿನ ಹುಡುಗಿ. ಹನ್ನೊಂದನೇ ವಯಸ್ಸಿಗೆ ಈ ಮನೆಗೆ ಬಂದಳು. ಆರು ಹೆತ್ತಳು, ಎರಡು ಉಳಿದವು. ಧಾತು ಸಂವತ್ಸರದ ದೊಡ್ಡ ಬರದ ವರ್ಷ ನೀರಗಂಟಿಯಾಗಿದ್ದ ಗಂಡ ವಾಂತಿಭೇದಿಗೆ ಸತ್ತ. ಮಗನಿಗೆ ಏಳು ವರ್ಷ. ಒಂಬತ್ತನೇ ದಿನಕ್ಕೆ ಅವಳು ಗಂಡನ ಗುದ್ದಲಿ ಹೊತ್ತು ತೂಬಿಗೆ ಹೋದಳು. ಹೆಂಗಸು ಎಂದು ಯಾರೂ ತಡೆಯಲಿಲ್ಲ. ಬರಗಾಲದಲ್ಲಿ ಆ ಕೆಲಸಕ್ಕೆ ಆಯವೇ ಇರಲಿಲ್ಲ, ಯಾರಿಗೂ ಅದು ಬೇಕಿರಲಿಲ್ಲ.

ಆಗ ಗಡಿಯಾರವಿಲ್ಲ, ಈ ಬಟ್ಟಲೇ ಗಡಿಯಾರ. ಒಂದು ಮುಳುಗಿಗೆ ಒಂದು ಗಳಿಗೆ. ಇಂಥವರ ಗದ್ದೆಗೆ ಎರಡು ಬಟ್ಟಲು, ಇಂಥವರಿಗೆ ಐದು ಎಂದು ಲೆಕ್ಕ. ಬಟ್ಟಲು ಇರುತ್ತಿದ್ದದ್ದು ತೂಬಿನ ಕಟ್ಟೆಯ ಮೇಲೆ, ಮೇಲ್ಗದ್ದೆಯವರ ಕಣ್ಣ ಮುಂದೆ. ಕೊನೆಯ ಗದ್ದೆಯವನ ಪಾಳಿ ಶುರುವಾದರೂ ಅವನ ನೀರು ಏಡಿ ತೂತು, ಹುಲ್ಲು, ಒಡಕು ದಾಟಿಕೊಂಡು ಕೆಳಗೆ ಹೋಗುವಷ್ಟರಲ್ಲಿ ಕಟ್ಟೆಯ ಮೇಲೆ ಎರಡೂವರೆ ಬಟ್ಟಲು ಮುಳುಗಿರುತ್ತಿತ್ತು. ಕಾಲುವೆಯಲ್ಲಿ ಮೊಣಕಾಲುದ್ದ ನೀರಿದ್ದಾಗ ಅದು ಹೇಗೋ ನಡೆಯಿತು. ಬರದಲ್ಲಿ ಅಂಗೈಯಗಲ ನೀರಿತ್ತು. ಕೊನೆಯ ಗದ್ದೆಗಳಿಗೆ ಹನಿ ಮುಟ್ಟಲಿಲ್ಲ.

"ಆಕಿ ಒಂದು ದಿನ ಬಟ್ಟಲು ತಗಂಡು ಕೊನೀ ಗದ್ದಿಗೆ ನಡದ್ಲು" ಎಂದಳು ಬಸಕ್ಕ. "ಒಂದು ಗಡಿಗಿ ಇಟ್ಟು, ಆ ಗದ್ದಿಗೆ ಬಂದ ನೀರನ್ನ ಅದಕ್ಕ ತುಂಬಿ, ಅದರಾಗ ಬಟ್ಟಲು ತೇಲಿಸಿದ್ಲು. ಗಡಿಗಿ ತುಂಬಾಕ ನೀರು ಬರಬೇಕಲ್ಲ, ಬರೋತನಕ ಲೆಕ್ಕ ಇಲ್ಲ. ಐದು ಬಟ್ಟಲು ಮುಳುಗಿಸಿ ನಾ ಬರೋತನಕ ತೂಬು ಇಳಿಸಬ್ಯಾಡ ಅಂತ ಮಗನ್ನ ಕಟ್ಟಿ ಮ್ಯಾಲೆ ಕುಂದ್ರಿಸಿದ್ಲು. ನೀರು ಮುಟ್ಟಿದ ಮ್ಯಾಲೆ ಲೆಕ್ಕ ಅಂದ್ಲು."

"ಮೇಲಿನವರು ಸುಮ್ನಿದ್ರಾ?" ಎಂದಳು ಪಲ್ಲವಿ.

"ಹೊಡದ್ರು. ಕೈ ಮುರೀತು. ಮೂರನೇ ದಿನ ಒಂದ ಕೈಯಾಗ ಗುದ್ದಲಿ ಹಿಡಕೊಂಡು ಮತ್ತ ಹೋದ್ಲು. ಆ ವರ್ಷ ಕೆಳಗಿನ ಗದ್ದ್ಯಾಗ ನವಣಿ ಬಂತು. ಮೇಲಿನವರೂ ಅದನ್ನ ಬೇಡಿ ಉಂಡ್ರು. ಆಮ್ಯಾಲೆ ಯಾರೂ ಕೈ ಎತ್ತಲಿಲ್ಲ. ಮೂವತ್ತು ವರ್ಷ ನಡಸಿದ್ಲು."

"ಆಮೇಲೆ ಏನಾದ್ಲು?"

"ಎಲ್ಲಿಗೆ ಹೋಕ್ಕಾಳ. ಇಲ್ಲೇ ಅದಾಳ" ಎಂದಳು ಬಸಕ್ಕ. ಅಷ್ಟರಲ್ಲಿ ಬಕೆಟ್‌ನಲ್ಲಿ ಬುಳುಕ್ ಎಂದು ಸದ್ದಾಯಿತು. ಬಟ್ಟಲು ತಳ ಕಂಡಿತ್ತು. ಕಲ್ಲಿನ ಬಾಯಲ್ಲಿ ಇನ್ನೂ ಒಂದು ಹಿಡಿ ಜೋಳ ಉಳಿದಿತ್ತು.

ಪಲ್ಲವಿ ಮೊಬೈಲ್ ನೋಡಿದಳು. "ಇಪ್ಪತ್ನಾಕು ನಿಮಿಷ. ಬಟ್ಟಲು ಸರಿ ಐತಿ. ಅಮ್ಮನ ರಟ್ಟಿ ಸರಿ ಇಲ್ಲ."

"ನಿಂದು ನೋಡೋಣು ಬಾ" ಎಂದಳು ರೇಣುಕಾದೇವಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಕಂಪ್ಲಿಯವರ ಮಾತು ಆ ದಿನ ಬರಲಿಲ್ಲ.

ಕೊಟ್ರಬಸಪ್ಪನ ಮನೆಗೆ ಪಲ್ಲವಿ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು. ಕೊಟ್ರಬಸಪ್ಪನದು ತೂಬಿನ ಪಕ್ಕದಲ್ಲೇ ಎಂಟು ಎಕರೆ ಬಾಳೆ. ಅವನು ಹುಲುಗೇಶನಿಗೆ ಕುರ್ಚಿ ಕೊಡಿಸಿದ. ಸ್ಟೀಲಿನ ಲೋಟ ಒಳಗೇ ಉಳಿದು, ಚಹಾ ಕಾಗದದ ಲೋಟದಲ್ಲಿ ಬಂತು.

"ಹುಡುಗಿ ಏನ್ ಮಾಡ್ತದಪ್ಪ, ಹುಲುಗ?"

"ಗದ್ದಿ ಬಾಯಿ ತಗದು ಮುಚ್ಚತಾಳ್ರಿ. ಪಾಳಿ ಎಲ್ಲಾ ಗೊತ್ತೈತಿ. ನನ್ನ ಕಾಲು ನೆಟ್ಟಗಾಗೋತನಕ."

"ಕಟ್ಟಿ ಹತ್ತಂಗಿಲ್ಲ ಹೆಣ್ಣುಮಕ್ಳು."

"ಹತ್ತಲ್ರಿ" ಎಂದ ಹುಲುಗೇಶ್, ಮಗಳು ಬಾಯಿ ತೆಗೆಯುವ ಮೊದಲೇ.

ಕೊಟ್ರಬಸಪ್ಪ ಯೋಚಿಸಿದ. ಸಂಘದಲ್ಲಿ ಅವನಿಗೆ ಜಗಳ ಬೇಕಿರಲಿಲ್ಲ. ತೂಬು ಎತ್ತಿ ಇಳಿಸುವುದು ಜಂಬಪ್ಪ, ಗದ್ದೆ ಬಾಯಿ ನೋಡಿಕೊಳ್ಳುವುದು ಪಲ್ಲವಿ, ಮುಂದಿನ ಸಂಘದ ಸಭೆಯವರೆಗೆ ನೋಡೋಣ ಎಂದ. ಅಂದರೆ ತಪ್ಪೇನಾದರೂ ಆದರೆ ಅದು ಪಲ್ಲವಿಯದು, ಕೆಲಸ ಜಂಬಪ್ಪನದು. ಇದು ಎಲ್ಲರಿಗೂ ತಿಳಿಯಿತು.

ನೀರು ಬಂತು. ಮೊದಲ ಎಡೆಯ ಬುಟ್ಟಿಯನ್ನು ಪಂಪೇಶ್ ಒಯ್ದ. ಮರುದಿನದಿಂದ ಪಲ್ಲವಿ ಅಪ್ಪನ ಗಮ್‌ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಬೆಳಿಗ್ಗೆ ಆರಕ್ಕೆ ಕಾಲುವೆ ದಂಡೆಯ ಮೇಲಿರುತ್ತಿದ್ದಳು. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೇ ವಾರ ಒಡೆದವು. ರೇಣುಕಾದೇವಿ ಬಯ್ಯುತ್ತಲೇ ಬುತ್ತಿ ಕಟ್ಟಿದಳು. "ಕೈ ನೋಡು, ಗಾರೆ ಕೆಲಸದಾಕಿ ಕೈ ಆಗ್ಯಾವ" ಎಂದು ಅರಿಷಿಣ ಹಚ್ಚಿದಳು. ಎರಡು ಕಿಲೋಮೀಟರಿನ ಕಿರುಗಾಲುವೆಯಲ್ಲಿ ಯಾವ ಒಡಕು ಎಲ್ಲಿದೆ ಎಂದು ಪಲ್ಲವಿಗೆ ಕಾಲಿನಿಂದಲೇ ತಿಳಿಯತೊಡಗಿತು. ಮೇಲಿನ ಹತ್ತು ಮಂದಿಯ ಗದ್ದೆ ತುಂಬಿದವು. ಅವರು ಹುಡುಗಿ ಚುರುಕು ಐತಿ ಅಂದರು.

ಕೆಳಗಿನ ಒಂಬತ್ತು ಮಂದಿ ಹಾಗೆ ಅನ್ನಲಿಲ್ಲ. ಎಲ್ಲರಿಗಿಂತ ಕೊನೆಯ ಗದ್ದೆ ಸುಂಕಪ್ಪನದು. ಇವರ ಕೇರಿಯವನೇ. ಮೂರು ದಿನಕ್ಕೊಮ್ಮೆ ಸಂಜೆ ನಾಲ್ಕರಿಂದ ಆರು ಅವನ ಪಾಳಿ. ನೀರು ಅವನ ಗದ್ದೆಗೆ ಬರುವಷ್ಟರಲ್ಲಿ ಐದಾಗುತ್ತಿತ್ತು. ಆರಕ್ಕೆ ಜಂಬಪ್ಪ ತೂಬು ಇಳಿಸಿ ಬೈಕ್ ಹತ್ತುತ್ತಿದ್ದ.

"ಸಸಿ ಮಡಿ ಒಣಗಾಕತ್ತೈತಿ ಮಗಳೇ" ಎಂದ ಸುಂಕಪ್ಪ. "ನಿಮ್ಮಪ್ಪನ ಕಾಲದಾಗೂ ಇದ ಹಾಡು. ನಿನ್ನ ಕಾಲದಾಗೂ ಇದನಾ?"

ಪಲ್ಲವಿ ಕೊಟ್ರಬಸಪ್ಪನನ್ನು ಕೇಳಿದಳು.

"ತೂಬು ಇಳಿಸಿದ ಮ್ಯಾಲೂ ಕಾಲುವ್ಯಾಗ ಇದ್ದ ನೀರು ಕೆಳಗ ಇಳೀತದಲ್ಲ, ಅದು ಅವಗ ಸರಿಹೋಕ್ಕತಿ" ಎಂದ ಕೊಟ್ರಬಸಪ್ಪ.

"ಅದು ಏಡಿ ತೂತಿಗೂ ಸಾಲಂಗಿಲ್ಲ ಸಾವ್ಕಾರ್ರ. ನಿನ್ನೆ ನಿಂತು ನೋಡೀನಿ. ಆರಾಗಿ ಹತ್ತು ನಿಮಿಷಕ್ಕ ಧಾರಿ ಕಡೀತು."

"ಮೊದಲಿಂದ ನಡಕೊಂಡು ಬಂದಿದ್ದು ತಂಗಿ. ನೀ ಬಂದು ಮೂರು ವಾರ."

ಅವತ್ತು ಸಂಜೆ ಅವಳು ಅಜ್ಜಿಯ ಬಟ್ಟಲು ಕೇಳಿದಳು. ಬಸಕ್ಕ ಎದ್ದು ತಾನೇ ತಂದು ಕೊಟ್ಟಳು. "ನೆಗ್ಗಿದ್ರ ನೆಗ್ಗಲಿ, ಕಳೀಬ್ಯಾಡ" ಎಂದಳು.

ಸುಂಕಪ್ಪನ ಮುಂದಿನ ಪಾಳಿ ಶುಕ್ರವಾರ. ಪಲ್ಲವಿ ಅವನ ಗದ್ದೆಯ ಬಾಯಲ್ಲಿ ಗಡಿಗೆ ಇಟ್ಟಳು. ಐದಕ್ಕೆ ನೀರು ಬಂತು. ಗಡಿಗೆ ತುಂಬಿಸಿ ಬಟ್ಟಲು ತೇಲಿಬಿಟ್ಟಳು. ಕೆಳಗದ್ದೆಯ ನಾಲ್ಕೈದು ಮಂದಿ ಬೀಡಿ ಸೇದುತ್ತ ಸುತ್ತ ಕೂತರು. ಬಟ್ಟಲು ಒಮ್ಮೆ ಮುಳುಗಿತು. ಎರಡನೇ ಸಲ ಮುಳುಗಿತು. ಮೂರನೇ ಸಲ ಅರ್ಧ ತುಂಬುವಷ್ಟರಲ್ಲಿ ಕಾಲುವೆಯ ನೀರು ಸಣ್ಣಗಾಯಿತು.

"ಇಳಿಸಿದ ನೋಡು" ಎಂದ ಸುಂಕಪ್ಪ.

"ಇನ್ನೂ ಎರಡೂವರಿ ಬಟ್ಟಲು ನಿಂದೈತಿ ಮಾವ. ಬಟ್ಟಲು ನೋಡ್ಕೊ."

ಪಲ್ಲವಿ ಎರಡು ಕಿಲೋಮೀಟರು ಅಪ್ಪನ ಬೂಟಿನಲ್ಲಿ ಓಡಿದಳು. ತೂಬಿನ ಹತ್ತಿರ ಕೂತು ಬೀಡಿ ಮುಗಿಸಿದ ಜಂಬಪ್ಪ ಆಗಷ್ಟೇ ಬೈಕಿಗೆ ಕಿಕ್ ಹೊಡೆಯುತ್ತಿದ್ದ. ತೂಬಿನ ತಿರುಪು ಕಟ್ಟೆಯ ಮೇಲಿತ್ತು. ಅದರ ಪಕ್ಕ ಬೆಳ್ಳಿ ಕಣ್ಣಿನ ಕಲ್ಲು.

"ತೂಬು ಎತ್ತಣ್ಣ. ಪಾಳಿ ಮುಗಿದಿಲ್ಲ."

"ಆರು ಹೊಡೀತು. ನಾಳಿ ಬಾ."

"ನೀ ಎತ್ತತೀಯೋ ನಾ ಎತ್ತಲೋ?"

"ಹತ್ತು ನೋಡೋಣು" ಎಂದು ನಕ್ಕ ಜಂಬಪ್ಪ.

ಪಲ್ಲವಿ ಬೂಟು ಬಿಚ್ಚಿ ಕೆಳಗಿಟ್ಟಳು. ನಾಲ್ಕು ಮೆಟ್ಟಿಲು ಹತ್ತಿದಳು. ತಿರುಪಿನ ಹಿಡಿಕೆಗೆ ಎರಡೂ ಕೈ ಹಾಕಿ ತಿರುಗಿಸಿದಳು. ಮೊದಲ ಸಲ ಅದು ತಿರುಗಲಿಲ್ಲ. ಎರಡನೇ ಸಲ ತಿರುಗಿತು. ಹನ್ನೊಂದು ಸುತ್ತಿಗೆ ನೀರು ಬುಸುಗುಟ್ಟಿತು. ಅವಳು ಇಳಿಯಲಿಲ್ಲ. ಐದನೇ ಬಟ್ಟಲು ಮುಳುಗಿತು ಎಂದು ಸುಂಕಪ್ಪನ ಫೋನು ಬರುವವರೆಗೆ ಅಲ್ಲೇ ಕೂತಿದ್ದಳು.

ಜಂಬಪ್ಪನ ಬೈಕು ಊರು ಮುಟ್ಟುವುದಕ್ಕೂ ಸುದ್ದಿ ಮುಟ್ಟುವುದಕ್ಕೂ ವ್ಯತ್ಯಾಸವಿರಲಿಲ್ಲ. ಭಾನುವಾರವೇ ಸಭೆ, ತೂಬಿನ ಹತ್ತಿರವೇ, ನೀರಗಂಟಿ ಮನೆಯವರು ಬಂದು ತಪ್ಪೊಪ್ಪಿಕೊಳ್ಳಬೇಕು ಎಂದು ಕರೆ ಬಂತು.

"ಹತ್ತಲ್ಲ ಅಂತ ನಾ ಮಾತು ಕೊಟ್ಟಿದ್ದೆ" ಎಂದ ಹುಲುಗೇಶ್. "ಈಗ ಕೆಲಸ ಹೋತು, ಮರ್ಯಾದಿ ಹೋತು."

"ಮಾತು ನೀ ಕೊಟ್ಟಿದ್ದಪ್ಪ. ನಾ ಕೊಟ್ಟಿಲ್ಲ."

"ತಪ್ಪಾತು ಅಂದುಬಿಡು. ಕಾಯಿ ಒಡಿ. ಮುಗೀತದ."

"ಕಾಯಿ ಒಡೆದ್ರ ಸುಂಕಪ್ಪ ಮಾವನ ಮಡಿಗೆ ನೀರು ಬರ್ತದೇನು?"

ಪಂಪೇಶ್ ಶನಿವಾರ ಸಂಜೆ ಬಂದವನು ಎಲ್ಲ ಕೇಳಿ, "ನಾ ಎರಡು ವರ್ಷದಾಗ ಸೂಪರ್‌ವೈಸರ್‌ಗ ಇಷ್ಟು ಮಾತಾಡಿಲ್ಲಲೇ" ಎಂದ. ಬಯ್ದನೋ ಹೊಗಳಿದನೋ ತಿಳಿಯಲಿಲ್ಲ.

ರೇಣುಕಾದೇವಿ ಭಾನುವಾರ ಬೆಳಿಗ್ಗೆ ಎದ್ದು ಬೀಸುಕಲ್ಲಿನ ಮುಂದೆ ಕೂತು ಒಬ್ಬಳೇ ಜೋಳ ಬೀಸಿದಳು. ಬಸಕ್ಕ ಹೋಗಿ ಎದುರು ಕೂತಳು. ಇಬ್ಬರೂ ಏನೋ ಮಾತಾಡಿದರು. ಕಲ್ಲಿನ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸಲಿಲ್ಲ. ಮುಗಿದ ಮೇಲೆ ರೇಣುಕಾದೇವಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಕೊಡಕ್ಕೆ ಸುರಿದಳು. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಕೊಡದೊಳಗೆ ಹಾಕಿ ಮುಚ್ಚಿಟ್ಟಳು.

ಸಭೆಗೆ ಹತ್ತೊಂಬತ್ತು ಮಂದಿಯೂ ಬಂದಿದ್ದರು. ಬಸಕ್ಕ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಳು. ಕೊಟ್ರಬಸಪ್ಪ ಶುರುಮಾಡಿದ.

"ತೂಬಿನವ್ವನ ಕಟ್ಟಿ ಹೆಣ್ಣು ತುಳೀತು. ನಾಳಿ ಕಾಲುವಿ ಒಡೆದ್ರ ಯಾರು ಹೊಣಿ?"

"ಸಾವ್ಕಾರ್ರ, ಒಂದು ಕೇಳ್ತೀನಿ" ಎಂದಳು ಬಸಕ್ಕ. "ಈ ಅವ್ವಗ ಮೊದಲ ಎಡಿ ಯಾರ ಮನಿದು?"

"ನಿಮ್ಮದು."

"ಊರಾಗ ದೊಡ್ಡ ದೊಡ್ಡ ಮನಿ ಅದಾವ. ನಮ್ಮನ್ನ ಯಾವ ಗುಡಿ ಒಳಗೂ ಬಿಡಂಗಿಲ್ಲ. ಇಲ್ಲಿ ಮಾತ್ರ ಮೊದಲ ಎಡಿ ನಮ್ಮದ್ಯಾಕ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಯಾಕಂದ್ರ ಆಕಿ ನಮ್ಮಾಕಿ. ನಮ್ಮತ್ತಿ ಅತ್ತಿಯ ಅತ್ತಿ. ಹೆಸರು ಉಚ್ಚೆಂಗವ್ವ. ಧಾತು ಬರದಾಗ ಈ ತೂಬು ಹಿಡಿದಾಕಿ. ಸತ್ತ ಮ್ಯಾಲೆ ಮಗ ಕಲ್ಲು ಹಾಕಿಸಿದ. ನೀವು ಅರಿಷಿಣ ಮೆತ್ತಿದ್ರಿ."

"ಹುಚ್ಚು ಹಿಡಿದೈತೇನು ಮುದುಕಿಗೆ?" ಎಂದ ಜಂಬಪ್ಪ. "ಊರ ದೇವ್ರನ್ನ ನಮ್ಮಾಕಿ ಅಂತಾಳ!"

"ಇದಕ್ಕ ಇಷ್ಟು ದಿನ ಹೇಳಲಿಲ್ಲ. ಹಿಂಗ ಅಂತೀರಿ ಅಂತ ನಮ್ಮತ್ತಿಗೂ ಗೊತ್ತಿತ್ತು."

ಅಷ್ಟರಲ್ಲಿ ರೇಣುಕಾದೇವಿ ಕೊಡ ಹೊತ್ತು ಮೆಟ್ಟಿಲು ಹತ್ತಿಬಿಟ್ಟಿದ್ದಳು. ಇಬ್ಬರು ಮುಂದೆ ಬಂದರು. ಸುಂಕಪ್ಪ ಮತ್ತು ಪಂಪೇಶ್ ಮೆಟ್ಟಿಲಿಗೆ ಅಡ್ಡ ನಿಂತರು. ಕೆಳಗದ್ದೆಯ ಉಳಿದವರೂ ಬಂದು ಅವರ ಜೊತೆ ನಿಂತರು.

ರೇಣುಕಾದೇವಿ ಬಿಸಿನೀರು ಸುರಿದಳು. ಹುಣಸೆಹಣ್ಣು ಹಚ್ಚಿ ನಾರಿನಿಂದ ಉಜ್ಜಿದಳು. ಭಕ್ತಿಯೂ ಇಲ್ಲ, ಭಯವೂ ಇಲ್ಲ, ಮನೆಯ ಹಿತ್ತಾಳೆ ಪಾತ್ರೆ ತಿಕ್ಕಿದಂತೆ ತಿಕ್ಕಿದಳು. ಕರಿ ಜಿಡ್ಡು ಪದರ ಪದರವಾಗಿ ಇಳಿಯಿತು. ಒಂದು ಬೆಳ್ಳಿ ಕಣ್ಣು ಕಳಚಿ ಬಿತ್ತು. ಅದನ್ನು ಎತ್ತಿ ಕೊಟ್ರಬಸಪ್ಪನಿಗೆ ಕೊಟ್ಟಳು. "ಇದು ನಿಮ್ಮದು, ಇಟ್ಕೊಳ್ರಿ."

ಅರ್ಧ ಗಂಟೆ ಹಿಡಿಯಿತು. ಕಲ್ಲಿನಲ್ಲಿ ಸೀರೆ ಕಚ್ಚೆ ಹಾಕಿದ ಹೆಂಗಸು ನಿಂತಿದ್ದಳು. ಕೆತ್ತನೆ ಒರಟು. ಬಲಗೈಯಲ್ಲಿ ಗುದ್ದಲಿ. ಎಡಗೈ ಮೊಣಕೈಯಲ್ಲಿ ಸೊಟ್ಟಗಿತ್ತು, ಮುರಿದು ಕೂಡಿದ ಕೈಯಂತೆ. ಆ ಕೈಯಲ್ಲಿ ಬಟ್ಟಲು.

ಪಲ್ಲವಿ ತಾಮ್ರದ ಬಟ್ಟಲನ್ನು ಕಲ್ಲಿನ ಪಕ್ಕ ಇಟ್ಟಳು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಕೊಟ್ರಬಸಪ್ಪ ಕೈಯಲ್ಲಿನ ಬೆಳ್ಳಿ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. "ಆತಪ್ಪ, ಹೆಂಗಸ ಇರಬಹುದು. ಪೂಜಿ ಮಾಡೋಣು. ಗುಡಿ ಕಟ್ಟೋಣು ಬೇಕಾದ್ರ."

"ಗುಡಿ ಬ್ಯಾಡ್ರಿ" ಎಂದಳು ಪಲ್ಲವಿ. "ಸತ್ತಾಕಿಗೆ ಕುಂಕುಮ ಹಚ್ಚೋದು ಭಾಳ ಸಸ್ತಾ. ಬದುಕಿದ್ದಾಕಿಗೆ ಆಯ ಕೊಡಬೇಕಾಕ್ಕತಿ. ನಾ ಕೇಳೋದು ಎರಡು. ತೂಬು, ಗದ್ದಿ ಬಾಯಿ ಎರಡೂ ನೀರಗಂಟಿ ಕೈಯಾಗ ಇರ್ಲಿ. ಮತ್ತ, ನೀರು ಮುಟ್ಟಿದ ಮ್ಯಾಲೆ ಲೆಕ್ಕ, ಮೇಲಿನವರಿಗೂ ಕೆಳಗಿನವರಿಗೂ. ಒಪ್ಪೋರು ಕೈ ಎತ್ತರಿ."

ಕೆಳಗಿನ ಒಂಬತ್ತು ಕೈ ಒಮ್ಮೆ ಎದ್ದವು. ಮೇಲಿನ ಹತ್ತು ಎದ್ದಿರಲಿಲ್ಲ. ಕೊಟ್ರಬಸಪ್ಪ ಗಡ್ಡ ಕೆರೆದುಕೊಂಡ. ಹೋದ ವರ್ಷ ಅವನು ಸುಂಕಪ್ಪನ ಗದ್ದೆಯ ಪಕ್ಕ ಹೆಂಡತಿಯ ಹೆಸರಿಗೆ ಎರಡು ಎಕರೆ ಕೊಂಡಿದ್ದ. ಅಲ್ಲಿ ಹಾಕಿದ ಬಾಳೆ ಗಿಡ ಮೊಣಕಾಲೆತ್ತರಕ್ಕೇ ನಿಂತಿತ್ತು. ಅವನಿಗೆ ಅವತ್ತು ನ್ಯಾಯ ಹೊಳೆಯಿತು ಎಂದು ಯಾರೂ ತಿಳಿಯಬೇಕಾಗಿಲ್ಲ. ಆದರೂ ಕೈ ಎತ್ತಿದ. ಅವನು ಎತ್ತಿದ್ದಕ್ಕೆ ಮೇಲಿನ ಇನ್ನೂ ಆರು ಎದ್ದವು.

"ಹದಿನಾರು" ಎಂದ ಪಂಪೇಶ್, ಗಟ್ಟಿಯಾಗಿ. ಆಮೇಲೆ ತಂಗಿಯ ಬೂಟುಗಳನ್ನು ಎತ್ತಿಕೊಂಡು ಮೆಟ್ಟಿಲ ಬುಡದಲ್ಲಿ ಜೋಡಿಸಿ ಇಟ್ಟ.

ಆಗಸ್ಟ್ ಕೊನೆಯ ವಾರ ಕಂಪ್ಲಿಯಿಂದ ಫೋನು ಬಂತು. ರೇಣುಕಾದೇವಿ ರೊಟ್ಟಿ ಬಡಿಯುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕಿ ಡಬ್ಬಿಗೆ ಒರಗಿಸಿದಳು. ಸುಂಕಪ್ಪ ತನ್ನ ಗದ್ದೆಯಲ್ಲಿ ನಾಟಿ ಮುಗಿದ ದಿನ ಒಂದು ಚೀಲ ಹಳೇ ಭತ್ತ ತಂದು ಇಳಿಸಿದ್ದ, ಸುಗ್ಗಿಗೆ ಮೊದಲೇ. ಅದರ ಅಕ್ಕಿ ಆ ಡಬ್ಬಿಯಲ್ಲಿತ್ತು.

"ಹುಡುಗಿ ಈಗ ಏನ್ ಮಾಡ್ತಾಳ್ರಿ?" ಎಂದಿತು ಆ ಕಡೆಯ ಧ್ವನಿ.

"ನೀರಗಂಟಿ ಅದಾಳ್ರಿ. ಎಂಟನೇ ತೂಬು."

"ಕಾಲುವಿ ಕೆಲಸಾನಾ?"

"ಹೂಂ. ನಿಮ್ಮ ಗದ್ದಿ ಎಲ್ಲಿ ಐತ್ರಿ? ಮೇಲೋ, ಕೆಳಗೋ?"

"ಕೆಳಗ್ರೀ… ಕೊನೀಗೆ. ನೀರಿಂದ ಭಾಳ ತ್ರಾಸ."

"ಹಂಗಾದ್ರ ನಿಮ್ಮ ಹುಡುಗನ್ನ ಕರಕೊಂಡು ಬರ್ರಿ" ಎಂದಳು ರೇಣುಕಾದೇವಿ. "ನಮ್ಮಾಕಿ ನೋಡ್ತಾಳ."

ಮಂಚದ ಮೇಲಿದ್ದ ಹುಲುಗೇಶ್ ಜೋರಾಗಿ ನಕ್ಕ, ಕಾಲು ನೋಯುವಷ್ಟು.

ಅದೇ ಹೊತ್ತಿಗೆ ಕೊಟ್ರಬಸಪ್ಪ ತನ್ನ ಮೇಲ್ಗದ್ದೆಯ ಬಾಯಲ್ಲಿ ನಿಂತಿದ್ದ. ಅವನ ಪಾಳಿಯ ಕೊನೆಯ ಬಟ್ಟಲು ಗಡಿಗೆಯಲ್ಲಿ ಅಂಚಿನವರೆಗೆ ಮುಳುಗಿತ್ತು. ಬಾಳೆಯ ಕೊನೆಯ ಎರಡು ಸಾಲು ಇನ್ನೂ ಒಣಗಿದ್ದವು.

"ಇನ್ನೊಂದೈದು ನಿಮಿಷ ಬಿಡು ತಂಗಿ. ಎರಡ ಸಾಲು."

ಪಲ್ಲವಿ ಬಟ್ಟಲು ನೋಡುತ್ತಿದ್ದಳು. ಬುಳುಕ್ ಎಂದಿತು. ಅವಳು ಗುದ್ದಲಿ ಎತ್ತಿ ಮೂರು ಹೆಂಟೆ ಹಾಕಿ ಗದ್ದೆಯ ಬಾಯಿ ಮುಚ್ಚಿದಳು, ಬೂಟುಗಾಲಿನಿಂದ ತುಳಿದಳು, ಬಟ್ಟಲನ್ನು ನೀರಿನಿಂದ ಎತ್ತಿಕೊಂಡು ಮುಂದಿನ ಗದ್ದೆಗೆ ನಡೆದಳು. ಕಾಲುವೆಯ ನೀರು ಅವಳಿಗಿಂತ ಸ್ವಲ್ಪ ಮುಂದೆ ಹೋಗುತ್ತಿತ್ತು.